ಕೊನೆಯ ಸುತ್ತಿನವರೆಗೂ ಮುಂದಿದ್ದವನು 30ನೆಯವನಾಗಿದ್ದು ಹೇಗೆ? ವಿಶ್ವ ಕ್ರಾಸ್ ಕಂಟ್ರಿ ಗೊತ್ತಿರುವವರು ಹೇಳಿ

ರಸ್ತೆಓಟ:
ಎಲ್ಲರಿಗೂ ನಮಸ್ಕಾರ. ನಾನು ನಾಲ್ಕೈದು ವರ್ಷದಿಂದ ರಸ್ತೆಯಲ್ಲೇ ಓಡುತ್ತಾ ಬಂದವನು. 10 ಕಿ.ಮೀ., ಹಾಫ್ ಮ್ಯಾರಥಾನ್, ಅಷ್ಟೇ. ಹುಲ್ಲು, ಮಣ್ಣು, ಗುಡ್ಡದ ಮೇಲೆ ಓಡುವ ಕ್ರಾಸ್ ಕಂಟ್ರಿ ಅಂತ ಹೆಸರು ಕೇಳಿದ್ದೆ, ಆದರೆ ಒಂದು ಓಟವನ್ನೂ ಪೂರ್ತಿ ಕೂತು ನೋಡಿರಲಿಲ್ಲ. ಮೊನ್ನೆ ರಾತ್ರಿ ನಿದ್ದೆ ಬರದೆ 2017ರ ಕಂಪಾಲಾ ವಿಶ್ವ ಚಾಂಪಿಯನ್‌ಶಿಪ್‌ನ ಗಂಡಸರ ಓಟ ಹಾಕಿಕೊಂಡೆ. ಅವತ್ತಿಂದ ಅದು ತಲೆಯಿಂದ ಹೋಗುತ್ತಿಲ್ಲ.

ನೋಡದವರಿಗೆ ಹೇಳುತ್ತೇನೆ. ಉಗಾಂಡದ ಜೋಶುವಾ ಚೆಪ್ಟೆಗೈ, ಆಗ ಅವನಿಗೆ 20 ವರ್ಷ, ಸ್ವಂತ ದೇಶದ ಜನರ ಮುಂದೆ ಎಲ್ಲರನ್ನೂ ಹಿಂದೆ ಬಿಟ್ಟು ಒಬ್ಬನೇ ಓಡುತ್ತಿದ್ದಾನೆ. ಜನ ಹಗ್ಗದಾಚೆ ಕೂಗುತ್ತಿದ್ದಾರೆ. ಕೊನೆಯ ಸುತ್ತು. ಗೆದ್ದೇಬಿಟ್ಟ ಅಂತ ನಾನೂ ಅಂದುಕೊಂಡೆ. ಅಷ್ಟರಲ್ಲಿ ಅವನ ಹೆಜ್ಜೆ ತಪ್ಪತೊಡಗಿತು. ಕಾಲು ಅವನ ಮಾತು ಕೇಳುತ್ತಿಲ್ಲ, ಮೈ ಒಂದು ಕಡೆಗೆ ವಾಲುತ್ತಿದೆ. ಕೀನ್ಯಾದ ಜೆಫ್ರಿ ಕಾಮ್ವೊರೊರ್ ಅವನನ್ನು ದಾಟಿ ಹೋದ, ಆಮೇಲೆ ಇನ್ನೊಬ್ಬ, ಆಮೇಲೆ ಗುಂಪು ಗುಂಪಾಗಿ. ಕೊನೆಗೆ ಅವನು 30ನೆಯವನಾಗಿ ಮುಗಿಸಿದ. ನಡೆದುಕೊಂಡೋ ಓಡಿಕೊಂಡೋ, ಅಂತೂ ಮುಗಿಸಿದ. ನನಗೆ ಕಣ್ಣಲ್ಲಿ ನೀರು ಬಂತು.

ಇಷ್ಟು ದೊಡ್ಡ ಓಟಗಾರನಿಗೆ ತನ್ನ ವೇಗ ಎಷ್ಟಿರಬೇಕು ಅಂತ ಗೊತ್ತಿರಲಿಲ್ಲವಾ? ರಸ್ತೆಯಲ್ಲಿ ನಾನು ಪ್ರತಿ ಕಿಲೋಮೀಟರಿಗೆ ವಾಚ್ ನೋಡುತ್ತೇನೆ, ಜಾಸ್ತಿ ಹೋದರೆ ತಗ್ಗಿಸುತ್ತೇನೆ. ಇಲ್ಲಿ ಯಾರೂ ವಾಚ್ ನೋಡಿದ್ದೇ ಕಾಣಲಿಲ್ಲ. ಇನ್ನೊಂದು ವಿಷಯ. ಆ ಓಟದಲ್ಲಿ ಮೊದಲ ಎರಡು ಸ್ಥಾನ ಕೀನ್ಯಾಕ್ಕೆ, ಆದರೆ ತಂಡದ ಚಿನ್ನ ಇಥಿಯೋಪಿಯಾಕ್ಕೆ. ಇದು ಯಾವ ಲೆಕ್ಕ? ದಯವಿಟ್ಟು ಬಿಡಿಸಿ ಹೇಳಿ. ಮುಂದೆ ಯಾವ ಓಟ ನೋಡಬೇಕು ಅನ್ನುವುದನ್ನೂ ಹೇಳಿದರೆ ಖುಷಿ.

ಹುಲ್ಲುಹಾದಿ:
ಒಳ್ಳೇ ಓಟದಿಂದಲೇ ಶುರು ಮಾಡಿದ್ದೀರಿ. ಇದನ್ನು ಸುಮಾರು ಇಪ್ಪತ್ತೈದು ವರ್ಷದಿಂದ ಹಿಂಬಾಲಿಸುತ್ತಿದ್ದೇನೆ, ಆ ಕೊನೆಯ ಸುತ್ತು ನೋಡಿದಾಗ ನನಗೂ ಹಾಗೇ ಆಗಿತ್ತು.

ಮೊದಲು ವಾಚ್ ವಿಷಯ. ಕ್ರಾಸ್ ಕಂಟ್ರಿಯಲ್ಲಿ ವಿಶ್ವದಾಖಲೆ ಅನ್ನುವುದೇ ಇಲ್ಲ. ಒಂದು ವರ್ಷ ಕುದುರೆ ಓಡುವ ಮೈದಾನ, ಇನ್ನೊಂದು ವರ್ಷ ಗುಡ್ಡ, ಮತ್ತೊಂದು ಸಲ ಮೊಣಕಾಲಿನವರೆಗೆ ಕೆಸರು. ಒಂದೇ ಜಾಗದಲ್ಲಿ ಬೆಳಿಗ್ಗೆ ಓಡಿದವರಿಗೂ ಮಧ್ಯಾಹ್ನ ಓಡಿದವರಿಗೂ ನೆಲ ಬೇರೆ, ಯಾಕೆಂದರೆ ಬೆಳಿಗ್ಗೆ ಓಡಿದವರು ತಿರುವುಗಳನ್ನೆಲ್ಲ ಕಲಸಿ ಹಾಕಿರುತ್ತಾರೆ. ಹಾಗಿರುವಾಗ ಕಿಲೋಮೀಟರಿಗೆ ಇಷ್ಟು ನಿಮಿಷ ಅನ್ನುವ ಲೆಕ್ಕಕ್ಕೆ ಅರ್ಥ ಇಲ್ಲ. ಏರಿನಲ್ಲಿ ವಾಚ್ ನೋಡಿಕೊಂಡು ಅದೇ ವೇಗ ಹಿಡಿಯಲು ಹೋದರೆ ತುದಿ ಮುಟ್ಟುವ ಹೊತ್ತಿಗೆ ದಮ್ಮು ಖಾಲಿ. ಅದಕ್ಕೇ ಇಲ್ಲಿ ಉಸಿರು ನೋಡಿಕೊಂಡು ಓಡುತ್ತಾರೆ, ಪಕ್ಕದವನ ಉಸಿರನ್ನೂ ಕೇಳಿಕೊಂಡು ಓಡುತ್ತಾರೆ.

ಚೆಪ್ಟೆಗೈಗೆ ವೇಗ ಗೊತ್ತಿರಲಿಲ್ಲ ಅಂತ ನನಗೆ ಅನ್ನಿಸುವುದಿಲ್ಲ. ಅವನು ಓಡಿದ್ದು ಮನೆಯವರ ಮುಂದೆ. ಅದೇ ದಿನ ಅದೇ ಮೈದಾನದಲ್ಲಿ ಅವನ ದೇಶದ ಹುಡುಗ ಜೇಕಬ್ ಕಿಪ್ಲಿಮೊ 20 ವರ್ಷದೊಳಗಿನವರ ಓಟ ಗೆದ್ದಿದ್ದ. ಇಡೀ ಜನಸ್ತೋಮ ಎರಡನೇ ಚಿನ್ನಕ್ಕೆ ಕಾಯುತ್ತಿತ್ತು. ಅಲ್ಲಿ ಸೆಕೆ ಬೇರೆ, ಕಂಪಾಲಾ ಸಮುದ್ರಮಟ್ಟದಿಂದ ಸುಮಾರು 1200 ಮೀಟರ್ ಎತ್ತರದಲ್ಲಿದೆ. ಅಂಥ ಕಡೆ ಎಂಟು ಕಿಲೋಮೀಟರಿಗೇ ಎಲ್ಲವನ್ನೂ ಸುರಿದುಬಿಟ್ಟರೆ ಉಳಿದ ಎರಡಕ್ಕೆ ಏನು ಉಳಿಯುತ್ತದೆ?

ಆದರೆ ಅಲ್ಲಿಗೆ ನಿಲ್ಲಬೇಡಿ. ಮುಂದೆ 2019ರ ಆರ್ಹುಸ್ ಓಟ ನೋಡಿ. ಡೆನ್ಮಾರ್ಕ್‌ನಲ್ಲಿ ನಡೆದದ್ದು. ಮೊಸ್‌ಗೋರ್ ಅಂತ ಒಂದು ಮ್ಯೂಸಿಯಂ ಇದೆ, ಅದರ ಚಾವಣಿಯೇ ಹುಲ್ಲು ಬೆಳೆಸಿದ ಇಳಿಜಾರು. ಓಟಗಾರರು ಪ್ರತಿ ಸುತ್ತಿಗೂ ಆ ಚಾವಣಿ ಹತ್ತಿ ಇಳಿಯಬೇಕು. ಕೆಳಗೆ ಕೆಸರು, ಮರಳು, ನೀರು. ಅಲ್ಲಿ ಚೆಪ್ಟೆಗೈ ಮೊದಲನೆಯವನು, ಕಿಪ್ಲಿಮೊ ಎರಡನೆಯವನು, ಕಂಪಾಲಾದಲ್ಲಿ ಗೆದ್ದ ಕಾಮ್ವೊರೊರ್ ಮೂರನೆಯವನು. ತಂಡದ ಚಿನ್ನವೂ ಉಗಾಂಡಕ್ಕೆ. ಮರುವರ್ಷ 2020ರಲ್ಲಿ ಅದೇ ಚೆಪ್ಟೆಗೈ 5000 ಮೀಟರ್ ಮತ್ತು 10,000 ಮೀಟರ್ ಎರಡರಲ್ಲೂ ವಿಶ್ವದಾಖಲೆ ಮಾಡಿದ. 12 ನಿಮಿಷ 35.36 ಸೆಕೆಂಡ್, 26 ನಿಮಿಷ 11 ಸೆಕೆಂಡ್. ಕಂಪಾಲಾ ನೋಡಿದವರು ಆರ್ಹುಸ್ ನೋಡಲೇಬೇಕು. ಎರಡನ್ನೂ ಒಂದೇ ದಿನ ನೋಡಿ, ಮಧ್ಯೆ ಊಟಕ್ಕೆ ಎದ್ದರೆ ಸಾಕು.

ನೆರಳುಬಿಸಿಲು:
ಸೆಕೆ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. ಮಣ್ಣಿನ ಮೇಲೆ ಸೆಕೆಯಲ್ಲಿ ಸೋಲುವುದು ಹೊಸದಲ್ಲ. ಕ್ರಾಸ್ ಕಂಟ್ರಿ ಒಲಿಂಪಿಕ್ಸ್‌ನಲ್ಲೂ ಇತ್ತು, 1912, 1920, 1924ರಲ್ಲಿ. 1924ರ ಪ್ಯಾರಿಸ್ ಓಟ ಭಯಂಕರ. ಸುಡುಬಿಸಿಲಲ್ಲಿ 38 ಜನ ಹೊರಟರು, ಮುಗಿಸಿದವರು 15 ಜನ ಮಾತ್ರ. ಉಳಿದವರು ದಾರಿಯಲ್ಲೇ ಕುಸಿದರು, ದಿಕ್ಕು ತಪ್ಪಿದರು. ಫಿನ್ಲೆಂಡ್‌ನ ಪಾವೊ ನೂರ್ಮಿ ಗೆದ್ದ. ಅದಾದ ಮೇಲೆ ಒಲಿಂಪಿಕ್ಸ್‌ನವರು ಈ ಓಟವನ್ನೇ ತೆಗೆದುಹಾಕಿದರು, ಇವತ್ತಿನವರೆಗೂ ವಾಪಸ್ ಬಂದಿಲ್ಲ. ಚಳಿಗಾಲದ ಒಲಿಂಪಿಕ್ಸ್‌ಗೆ ಸೇರಿಸಿ ಅಂತ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ಅಧ್ಯಕ್ಷ ಸೆಬಾಸ್ಟಿಯನ್ ಕೋ ಕೇಳುತ್ತಲೇ ಬಂದಿದ್ದಾರೆ. ಅಲ್ಲಿ ಹಿಮ ಮತ್ತು ಮಂಜುಗಡ್ಡೆ ಮೇಲಿನ ಆಟಗಳಿಗೆ ಮಾತ್ರ ಜಾಗ, ಅದೇ ತೊಡಕು.

2007ರ ಮೊಂಬಾಸಾ ಇನ್ನೊಂದು. ಕೆನೆನಿಸಾ ಬೆಕೆಲೆ 2002ರಿಂದ 2006ರವರೆಗೆ ಐದು ವರ್ಷ ಒಂದೇ ಸಮ ಗೆದ್ದವನು. ಆಗ 4 ಕಿ.ಮೀ. ಓಟ, 12 ಕಿ.ಮೀ. ಓಟ ಅಂತ ಎರಡಿದ್ದವು, ಎರಡನ್ನೂ ಒಂದೇ ವಾರಾಂತ್ಯದಲ್ಲಿ ಗೆಲ್ಲುತ್ತಿದ್ದ. ಅಂಥವನೇ ಮೊಂಬಾಸಾದ ಧಗೆಯಲ್ಲಿ ಕೊನೆಯ ಸುತ್ತಿನಲ್ಲಿ ಓಟ ಬಿಟ್ಟು ನಿಂತ. ಎರಿಟ್ರಿಯಾದ ಜೆರ್ಸೆನಾಯ್ ತಡೆಸೆ ಗೆದ್ದ. ಹಾಗಾಗಿ ಚೆಪ್ಟೆಗೈನ ಪ್ರಾಯ, ಅನುಭವ ಅಂತ ಮಾತ್ರ ಹೇಳಿದರೆ ಸಾಲದು. ಸೆಕೆ ಅನುಭವಿಗಳನ್ನೂ ಬಿಡುವುದಿಲ್ಲ.

ಕೆಸರುಮೊಳೆ:
ನಾನು ಓಡಿದವನು. ವಿಶ್ವಮಟ್ಟದಲ್ಲಿ ಖಂಡಿತ ಅಲ್ಲ, ವಿದ್ಯಾರ್ಥಿಯಾಗಿದ್ದಾಗ ತಂಡದಲ್ಲಿ ಮೂರು ವರ್ಷ ಓಡಿದೆ. ರಸ್ತೆಯಿಂದ ಬಂದವರಿಗೆ ಅರ್ಥ ಆಗಬೇಕಾದ ಎರಡು ಮೂರು ವಿಷಯ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಹೊರಡುವ ಗೆರೆ ಅಗಲವಾಗಿರುತ್ತದೆ. ಒಂದೊಂದು ತಂಡಕ್ಕೂ ಒಂದೊಂದು ಅಂಕಣ, ತಂಡದವರು ಅದರಲ್ಲಿ ಒಬ್ಬರ ಹಿಂದೆ ಒಬ್ಬರು ನಿಲ್ಲುತ್ತಾರೆ. ಬಂದೂಕು ಹೊಡೆದ ತಕ್ಷಣ ಅಷ್ಟು ಜನವೂ ಒಟ್ಟಿಗೇ ನುಗ್ಗುತ್ತಾರೆ, ಯಾಕೆಂದರೆ ಮುಂದೆ ಎಲ್ಲೋ ದಾರಿ ಕಿರಿದಾಗುತ್ತದೆ. ಆ ಕಿರಿದಾದ ಜಾಗಕ್ಕೆ ನೀವು ಅರವತ್ತನೆಯವರಾಗಿ ಹೊಕ್ಕರೆ ಮುಂದಿನ ಅರ್ಧ ಸುತ್ತು ಬೇರೆಯವರ ಬೆನ್ನು ನೋಡಿಕೊಂಡೇ ಇರಬೇಕು, ದಾಟಲು ಜಾಗ ಇರುವುದಿಲ್ಲ. ಅದಕ್ಕೆ 10 ಕಿ.ಮೀ. ಓಟವನ್ನು 400 ಮೀಟರ್ ಓಟದ ಹಾಗೆ ಶುರು ಮಾಡುತ್ತಾರೆ. ರಸ್ತೆ ಓಟಗಾರರಿಗೆ ಇದು ಹುಚ್ಚು ಅನ್ನಿಸುತ್ತದೆ. ಮೊಣಕೈ ತಾಗುತ್ತದೆ, ಹಿಂದಿನವರ ಶೂ ತಳದ ಮೊಳೆ ನಿಮ್ಮ ಹಿಮ್ಮಡಿಗೆ ಕುತ್ತುತ್ತದೆ. ನನ್ನ ಎಡ ಹಿಮ್ಮಡಿಯ ಮೇಲೆ ಈಗಲೂ ಎರಡು ಚುಕ್ಕೆ ಗಾಯದ ಗುರುತಿದೆ.

ಇನ್ನು ನೆಲ. ಟ್ರ್ಯಾಕ್ ನಿಮ್ಮ ಕಾಲನ್ನು ವಾಪಸ್ ತಳ್ಳುತ್ತದೆ. ಕೆಸರು ಹಿಡಿದುಕೊಳ್ಳುತ್ತದೆ. ಪ್ರತಿ ಹೆಜ್ಜೆಗೂ ಕಾಲನ್ನು ಕಿತ್ತು ತೆಗೆಯಬೇಕು. ಟ್ರ್ಯಾಕ್‌ನಲ್ಲಿ ಶೂಗೆ 6 ಮಿಲಿಮೀಟರ್ ಮೊಳೆ ಸಾಕು, ಕೆಸರಿಗೆ 12 ಅಥವಾ 15 ಮಿಲಿಮೀಟರ್‌ನವು ತಿರುಗಿಸಿ ಹಾಕುತ್ತೇವೆ. ಬೆಳಿಗ್ಗೆ ಹೋಗಿ ಜಾಗವನ್ನು ನಡೆದು ನೋಡುವುದು, ಹೆಬ್ಬೆರಳಿಂದ ಮಣ್ಣು ಒತ್ತುವುದು, ಆಮೇಲೆ ನೆಲದ ಮೇಲೆ ಕೂತು ಚಿಕ್ಕ ಪಾನಾ ಹಿಡಿದು ಒಂದೊಂದೇ ಮೊಳೆ ಬದಲಾಯಿಸುವುದು. ಹಳೆಯ ಮೊಳೆಯ ತೂತಿನಲ್ಲಿ ಹೋದ ವಾರದ ಮಣ್ಣು ಗಟ್ಟಿಯಾಗಿ ಕೂತಿರುತ್ತದೆ, ಅದನ್ನು ಪಿನ್ನಿನಿಂದ ಕೆದಕಿ ತೆಗೆಯಬೇಕು. ಓಟದ ನೆನಪು ಅಂದರೆ ನನಗೆ ಮೊದಲು ಬರುವುದು ಆ ಕೆದಕುವ ಸದ್ದು. ಎರಡು ಸುತ್ತು ಆಗುವ ಹೊತ್ತಿಗೆ ಮೊಳೆಗಳ ನಡುವೆ ಹುಲ್ಲು, ಮಣ್ಣು ಮೆತ್ತಿಕೊಂಡು ಶೂ ಭಾರ ಆಗಿರುತ್ತದೆ. ಏರಿನಲ್ಲಿ ಮೀನಖಂಡ ಉರಿಯುತ್ತದೆ, ಇಳಿಜಾರಿನಲ್ಲಿ ತೊಡೆ ನಡುಗುತ್ತದೆ, ಸಮತಟ್ಟು ಬಂದಾಗ ಓಡಬೇಕಾದ ಕಾಲು ಎಲ್ಲಿದೆ ಅಂತ ಹುಡುಕಬೇಕು.

ತಂಡದ ಲೆಕ್ಕವನ್ನು ಬೇರೆಯವರು ಹೇಳಲಿ. ನನಗೆ ಆ ಲೆಕ್ಕ ತುಂಬಾ ಹತ್ತಿರದ್ದು, ಅದನ್ನು ಆಮೇಲೆ ಬರೆಯುತ್ತೇನೆ.

ಹುಲ್ಲುಹಾದಿ:
ನಾನೇ ಹೇಳುತ್ತೇನೆ. ಈಗಿನ ನಿಯಮದಲ್ಲಿ ಒಂದು ದೇಶದಿಂದ ಆರು ಜನ ಓಡುತ್ತಾರೆ, ಅವರಲ್ಲಿ ಮೊದಲು ಬಂದ ನಾಲ್ವರ ಸ್ಥಾನಗಳನ್ನು ಕೂಡಿಸುತ್ತಾರೆ. ಮೊದಲ ಸ್ಥಾನಕ್ಕೆ 1, ಹತ್ತನೆಯದಕ್ಕೆ 10. ಯಾರ ಮೊತ್ತ ಕಮ್ಮಿಯೋ ಅವರಿಗೆ ಚಿನ್ನ. ನಿಮ್ಮ ಮೊದಲ ಇಬ್ಬರು 1, 2 ಬಂದು ನಾಲ್ಕನೆಯವನು 25ನೆಯವನಾದರೆ ಆಯಿತು, ಕಥೆ ಮುಗಿಯಿತು. ಆಚೆಯ ತಂಡದವರು 3, 4, 6, 8 ಅಂತ ಒಟ್ಟಿಗೆ ಬಂದರೆ 21ಕ್ಕೆ ಗೆಲ್ಲುತ್ತಾರೆ. ಇವು ಸುಮ್ನೆ ಉದಾಹರಣೆಗೆ ಕೊಟ್ಟ ಅಂಕಿ. ಎರಡು ತಂಡಗಳ ಮೊತ್ತ ಸಮ ಬಂದರೆ ಲೆಕ್ಕಕ್ಕೆ ಬಂದ ಕೊನೆಯವನು, ಅಂದರೆ ನಾಲ್ಕನೆಯವನು, ಯಾರ ಕಡೆ ಮುಂದಿದ್ದಾನೆ ಅಂತ ನೋಡುತ್ತಾರೆ.

ಕಂಪಾಲಾದಲ್ಲಿ ಆದದ್ದು ಅಪರೂಪ ಅಲ್ಲ. 2013ರಲ್ಲಿ ಪೋಲೆಂಡ್‌ನ ಬಿಡ್ಗೋಶ್ಚ್‌ನಲ್ಲಿ ಗೆದ್ದವನು ಕೀನ್ಯಾದ ಜಾಫೆಟ್ ಕೊರಿರ್. 2015ರಲ್ಲಿ ಚೀನಾದ ಗುಯಿಯಾಂಗ್‌ನಲ್ಲಿ ಕಾಮ್ವೊರೊರ್ ಮೊದಲನೆಯವನು, ಬೆಡಾನ್ ಕರೋಕಿ ಎರಡನೆಯವನು, ಇಬ್ಬರೂ ಕೀನ್ಯಾದವರು. 2017ರಲ್ಲಿ ಮತ್ತೆ ಕಾಮ್ವೊರೊರ್. ಮೂರೂ ಸಲ ತಂಡದ ಚಿನ್ನ ಹೋಗಿದ್ದು ಇಥಿಯೋಪಿಯಾಕ್ಕೆ! ಕೀನ್ಯಾದವರಿಗೆ ಇದು ಎಷ್ಟು ಉರಿದಿರಬೇಕು ಯೋಚಿಸಿ, ಯಾಕೆಂದರೆ 1986ರಿಂದ 2003ರವರೆಗೆ 18 ವರ್ಷ ಒಂದೇ ಸಮ ಗಂಡಸರ ತಂಡದ ಚಿನ್ನ ಅವರದ್ದೇ ಆಗಿತ್ತು. 1988ರಲ್ಲಿ ಆಕ್ಲೆಂಡ್‌ನಲ್ಲಿ ಮೊದಲ 9 ಜನರಲ್ಲಿ 8 ಜನ ಕೀನ್ಯಾದವರು. ಆ ದಿನ ಗೆದ್ದವನು ಜಾನ್ ಎನ್‌ಗುಗಿ.

ಕಂಪಾಲಾದ ಹೆಂಗಸರ ಓಟ ನೋಡಿದಿರಾ? ಇಲ್ಲದಿದ್ದರೆ ಈಗಲೇ ನೋಡಿ. ಮೊದಲ ಆರೂ ಸ್ಥಾನ ಕೀನ್ಯಾ. 1, 2, 3, 4 ಕೂಡಿಸಿದರೆ 10, ಇದಕ್ಕಿಂತ ಕಮ್ಮಿ ಮೊತ್ತ ಸಾಧ್ಯವೇ ಇಲ್ಲ. ಆರನೆಯವಳು ಯಾರು ಗೊತ್ತಾ? ಫೇತ್ ಕಿಪ್ಯೆಗಾನ್. 1500 ಮೀಟರ್‌ನಲ್ಲಿ ಒಲಿಂಪಿಕ್ ಚಾಂಪಿಯನ್ ಆಗಿದ್ದವಳು ಇಲ್ಲಿ ತಂಡದ ಲೆಕ್ಕಕ್ಕೂ ಬರಲಿಲ್ಲ.

ರಸ್ತೆಓಟ:
ತುಂಬಾ ಧನ್ಯವಾದ. ಈಗ ಅರ್ಥ ಆಯಿತು, ನಾನು ಇಡೀ ಓಟದಲ್ಲಿ ಕ್ಯಾಮೆರಾ ತೋರಿಸಿದ ಮೊದಲ ನಾಲ್ಕು ಜನರನ್ನೇ ನೋಡುತ್ತಿದ್ದೆ. ಹಿಂದೆ ಇನ್ನೊಂದು ಓಟ ನಡೆಯುತ್ತಿತ್ತು. ಕೆಸರುಮೊಳೆಯವರೇ, ನಿಮ್ಮ ಆ ಲೆಕ್ಕದ ವಿಷಯ ಬರೆಯಿರಿ.

ಕೆಸರುಮೊಳೆ:
ಬರೆಯುತ್ತೇನೆ. ನಮ್ಮ ತಂಡದಲ್ಲಿ ನಾನು ನಾಲ್ಕನೆಯವನು. ಮೂರು ವರ್ಷವೂ ನಾಲ್ಕನೆಯವನೇ. ಕೊನೆಯ ವರ್ಷದ ಕೊನೆಯ ಓಟ. ಕೊನೆಯ ತಿರುವು ಮುಗಿಸಿ 200 ಮೀಟರ್ ಉಳಿದಿತ್ತು. ಮುಂದಿನವನು ನಲವತ್ತು ಹೆಜ್ಜೆ ದೂರ, ಹಿಡಿಯಲು ಆಗುವುದಿಲ್ಲ. ಹಿಂದೆ ಯಾರೂ ಇಲ್ಲ ಅಂತ ನನ್ನ ಲೆಕ್ಕ. ಮೂವತ್ತನೆಯವನಾದರೇನು ಮೂವತ್ತೆರಡನೆಯವನಾದರೇನು ಅಂತ ಕಾಲು ಸ್ವಲ್ಪ ಸಡಿಲ ಬಿಟ್ಟೆ. ಹುಲ್ಲಿನ ಮೇಲೆ ಹಿಂದಿನವರ ಹೆಜ್ಜೆ ಸದ್ದು ಕೇಳುವುದಿಲ್ಲ, ಇದನ್ನು ನೆನಪಿಡಿ, ರಸ್ತೆಯ ಹಾಗಲ್ಲ. ಗೆರೆಗೆ ಹತ್ತು ಮೀಟರ್ ಇರುವಾಗ ಇಬ್ಬರು ನನ್ನ ಎರಡೂ ಪಕ್ಕದಿಂದ ದಾಟಿದರು.

ನಾವು ತಂಡದ ಪದಕ ಕಳೆದುಕೊಂಡಿದ್ದು ಒಂದು ಅಂಕದಿಂದ.

ಯಾರೂ ನನಗೆ ಏನೂ ಅನ್ನಲಿಲ್ಲ. ನಮ್ಮ ಮೊದಲನೆಯವನು ಬಂದು ಹೆಗಲ ಮೇಲೆ ಕೈ ಇಟ್ಟ, ಅವನ ಕೈಯಿಂದ ನನ್ನ ಬನಿಯನ್ ಮೇಲೆ ಕೆಸರಿನ ಐದು ಬೆರಳು ಮೂಡಿತು. ಹದಿನೆಂಟು ವರ್ಷ ಆಯಿತು. ಈಗಲೂ ವಿಶ್ವ ಚಾಂಪಿಯನ್‌ಶಿಪ್ ನೋಡುವಾಗ ನಾನು ಮೊದಲನೆಯವನನ್ನು ನೋಡುವುದಿಲ್ಲ. ಅವನು ಗೆರೆ ದಾಟಿದ ಮೇಲೆ ಕ್ಯಾಮೆರಾ ಅವನ ಮುಖಕ್ಕೆ ಹೋಗುತ್ತದಲ್ಲ, ಆಗ ನಾನು ಅವನ ಹಿಂದೆ, ಮಸುಕಾಗಿ ಕಾಣುವ ಗೆರೆಯ ಮೇಲೆ ಯಾವ ಬಣ್ಣದ ಬನಿಯನ್ ಬರುತ್ತಿದೆ ಅಂತ ಎಣಿಸುತ್ತೇನೆ. ಹಾಗೆ ನೋಡಿದರೆ ಕಂಪಾಲಾದ ಓಟ ಬೇರೆಯೇ ಓಟ. ಇಥಿಯೋಪಿಯಾದ ಬನಿಯನ್‌ಗಳು ಒಂದರ ಹಿಂದೆ ಒಂದು ಬರುತ್ತವೆ.

ಏಳುಬೆಟ್ಟ:
ಎಲ್ಲರೂ ಚೆನ್ನಾಗಿ ಬರೆದಿದ್ದೀರಿ, ಆದರೆ ಹೆಂಗಸರ ಓಟದ ಬಗ್ಗೆ ಒಂದೇ ಪ್ಯಾರಾ ಸಾಕಾಗಲ್ಲ. 1973ರಲ್ಲಿ ಬೆಲ್ಜಿಯಂನ ವಾರೆಗೆಮ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಗಂಡಸರು ಸುಮಾರು 12 ಕಿ.ಮೀ. ಓಡಿದರು, ಹೆಂಗಸರಿಗೆ ಕೊಟ್ಟಿದ್ದು ಸುಮಾರು 4 ಕಿ.ಮೀ. ಅಷ್ಟಕ್ಕೇ ಅವರ ಶಕ್ತಿ ಅಂತ ಆಗಿನವರ ನಂಬಿಕೆ. ಇಬ್ಬರಿಗೂ 10 ಕಿ.ಮೀ. ಅಂತ ಆಗಿದ್ದು 2017ರಲ್ಲಿ, ನೀವೆಲ್ಲ ಹೇಳುತ್ತಿರುವ ಅದೇ ಕಂಪಾಲಾದಲ್ಲಿ. 44 ವರ್ಷ ಬೇಕಾಯಿತು. ಗಂಡಸರು, ಹೆಂಗಸರು ಒಂದೇ ತಂಡದಲ್ಲಿ ಓಡುವ ಮಿಶ್ರ ರಿಲೇ ಶುರುವಾಗಿದ್ದೂ ಅಲ್ಲೇ.

ನಾರ್ವೆಯ ಗ್ರೆಟೆ ವೈಟ್ಜ್ 1978ರಿಂದ 1981ರವರೆಗೆ ನಾಲ್ಕು, 1983ರಲ್ಲಿ ಇನ್ನೊಂದು, ಒಟ್ಟು ಐದು ಸಲ ಗೆದ್ದವಳು. ಅವಳಿಗೆ ಓಡಲು ಸಿಕ್ಕಿದ್ದು ಚಿಕ್ಕ ದೂರ. ಅದೇ ಅವಳು 1978ರಲ್ಲಿ ನ್ಯೂಯಾರ್ಕ್ ಮ್ಯಾರಥಾನ್‌ಗೆ ಹೋಗಿ ಗೆದ್ದಳು, ಒಟ್ಟು ಒಂಬತ್ತು ಸಲ ಗೆದ್ದಳು. ದೂರ ಜಾಸ್ತಿ ಕೊಟ್ಟಿದ್ದರೆ ಇನ್ನೂ ಎಷ್ಟು ಅಂತರದಲ್ಲಿ ಗೆಲ್ಲುತ್ತಿದ್ದಳೋ.

ಮತ್ತೆ, ಕಂಪಾಲಾದ ಗಂಡಸರ ಓಟಕ್ಕೆ ಅತ್ತವರು 2023ರ ಬಾಥರ್ಸ್ಟ್ ಹೆಂಗಸರ ಓಟ ನೋಡಿ. ಆಸ್ಟ್ರೇಲಿಯಾದಲ್ಲಿ, ಬಿರುಬಿಸಿಲು, ದಾರಿ ದ್ರಾಕ್ಷಿ ತೋಟದೊಳಗೂ ಹಾದುಹೋಗುತ್ತದೆ. ಇಥಿಯೋಪಿಯಾದ ಲೆಟೆಸೆನ್‌ಬೆಟ್ ಗಿಡೆ ಮುಂದಿದ್ದಾಳೆ, ಗೆರೆ ಎದುರಿಗೇ ಕಾಣುತ್ತಿದೆ. ಕೀನ್ಯಾದ ಬಿಯಾಟ್ರಿಸ್ ಚೆಬೆಟ್ ಹಿಂದಿನಿಂದ ಬಂದು ದಾಟಿದಳು, ಗಿಡೆ ಅಲ್ಲೇ ಕುಸಿದಳು. ಯಾರೋ ಓಡಿಬಂದು ಎತ್ತಿದರು. ಅವಳು ಎದ್ದು ಗೆರೆ ದಾಟಿದಳು, ಆದರೆ ಬೇರೆಯವರ ಸಹಾಯ ಪಡೆದಳು ಅಂತ ಅನರ್ಹ ಮಾಡಿದರು. ಅವಳ ಸ್ಥಾನವೂ ಹೋಯಿತು, ತಂಡಕ್ಕೆ ಸಿಗಬೇಕಿದ್ದ ಅಂಕವೂ ಹೋಯಿತು.

ನೆರಳುಬಿಸಿಲು:
ಆ ನಿಯಮ ಕ್ರೂರ ಅಲ್ವಾ? ಬಿದ್ದವರನ್ನು ಎತ್ತಿದ್ದಕ್ಕೆ ಶಿಕ್ಷೆ.

ಏಳುಬೆಟ್ಟ:
ಎತ್ತಿದವರನ್ನು ನಾನು ಬೈಯುವುದಿಲ್ಲ, ನಾನಿದ್ದರೂ ಓಡಿಹೋಗುತ್ತಿದ್ದೆ. ಆದರೆ ನಿಯಮ ಇರಲೇಬೇಕು. ಎತ್ತಿ ನಿಲ್ಲಿಸಿದವರನ್ನು ಬಿಟ್ಟರೆ ಮುಂದೆ ಕೈ ಹಿಡಿದು ನಡೆಸಿದವರನ್ನೂ ಬಿಡಬೇಕಾಗುತ್ತದೆ. ಅವಳ ಹಿಂದೆ ಬಂದವರೂ ಅದೇ ಬಿಸಿಲಲ್ಲಿ ತಮ್ಮ ಕಾಲ ಮೇಲೇ ಬಂದಿದ್ದಾರೆ. ಚೆಬೆಟ್‌ಳ ಗೆಲುವು ಈ ಗಲಾಟೆಯಲ್ಲಿ ಮುಚ್ಚಿಹೋಗಬಾರದು, ಅವಳು 2024ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಮತ್ತೆ ಗೆದ್ದು ತೋರಿಸಿದಳು.

ಗಂಟೆಸದ್ದು:
ಈಗ ನೋಡಿದೆ ಈ ಚರ್ಚೆ. ಒಂದು ವಿಷಯ ಯಾರೂ ಎತ್ತಿಲ್ಲ. 2011ರವರೆಗೆ ಇದು ಪ್ರತಿ ವರ್ಷ ನಡೆಯುತ್ತಿತ್ತು, ಆಮೇಲೆ ಎರಡು ವರ್ಷಕ್ಕೊಮ್ಮೆ ಮಾಡಿದರು. ನನಗೆ ಇದು ತಪ್ಪು ಅನ್ನಿಸುತ್ತದೆ. ಹಿಂದೆ ಟ್ರ್ಯಾಕ್‌ನವರು, ಮ್ಯಾರಥಾನ್‌ನವರು, 1500 ಮೀಟರ್‌ನವರು ಎಲ್ಲ ಒಂದೇ ಗೆರೆಯಲ್ಲಿ ನಿಲ್ಲುತ್ತಿದ್ದ ಓಟ ಇದೊಂದೇ. ಪೋರ್ಚುಗಲ್‌ನ ಕಾರ್ಲೋಸ್ ಲೋಪೆಸ್ 1984ರಲ್ಲಿ ಇದನ್ನು ಗೆದ್ದು ಅದೇ ವರ್ಷ ಒಲಿಂಪಿಕ್ ಮ್ಯಾರಥಾನ್ ಗೆದ್ದ, ಮರುವರ್ಷ ಲಿಸ್ಬನ್‌ನಲ್ಲಿ ತನ್ನ ಜನರ ಮುಂದೆ ಮತ್ತೆ ಇದನ್ನು ಗೆದ್ದ. ಎಲಿಯುಡ್ ಕಿಪ್ಚೊಗೆ ಹೆಸರು ಎಲ್ಲರಿಗೂ ಮ್ಯಾರಥಾನ್‌ನಿಂದ ಗೊತ್ತು, ಅವನು 2003ರಲ್ಲಿ ಲೊಸಾನ್‌ನಲ್ಲಿ ಜೂನಿಯರ್ ಕ್ರಾಸ್ ಕಂಟ್ರಿ ಗೆದ್ದ ಹುಡುಗ. ಅದೇ ವರ್ಷ 5000 ಮೀಟರ್ ವಿಶ್ವ ಚಾಂಪಿಯನ್ ಆದ. ಇನ್ನೊಂದು ಕಡೆ ಹೈಲೆ ಗೆಬ್ರೆಸೆಲಾಸಿ, ಟ್ರ್ಯಾಕ್‌ನಲ್ಲಿ ಅಷ್ಟೆಲ್ಲ ದಾಖಲೆ ಮಾಡಿದವನು, ಸೀನಿಯರ್ ಕ್ರಾಸ್ ಕಂಟ್ರಿಯಲ್ಲಿ ಒಂದು ಸಲವೂ ಗೆಲ್ಲಲಿಲ್ಲ. ಟ್ರ್ಯಾಕ್‌ನಲ್ಲಿ ಅವನಿಗೆ ಸೋಲುತ್ತಿದ್ದ ಪಾಲ್ ಟೆರ್ಗಟ್ ಇಲ್ಲಿ 1995ರಿಂದ 1999ರವರೆಗೆ ಐದು ಸಲ ಒಂದೇ ಸಮ ಗೆದ್ದ. ಯಾರು ದೊಡ್ಡವರು ಅನ್ನುವ ಜಗಳ ನನಗೆ ಬೇಡ. ಮಣ್ಣಿನ ಮೇಲೆ ಟೆರ್ಗಟ್ ದೊಡ್ಡವನು, ಅಷ್ಟು ಹೇಳಬಲ್ಲೆ.

ಹಳೆಯದು ಸಿಕ್ಕಿದರೆ 1981ರ ಮ್ಯಾಡ್ರಿಡ್ ಓಟವನ್ನೂ ಹುಡುಕಿ. ಮುಂದಿದ್ದ ಇಥಿಯೋಪಿಯಾದವರು ಸುತ್ತಿನ ಲೆಕ್ಕ ತಪ್ಪಿ ಇನ್ನೂ ಒಂದು ಸುತ್ತು ಬಾಕಿ ಇರುವಾಗಲೇ ಇದೇ ಕೊನೆ ಅಂತ ಪೂರ್ತಿ ಜೋರಾಗಿ ಓಡಿಬಿಟ್ಟರು. ಅಮೆರಿಕದ ಕ್ರೇಗ್ ವರ್ಜಿನ್ ತಾಳ್ಮೆಯಿಂದ ಬಂದು ಗೆದ್ದ, ಹಿಂದಿನ ವರ್ಷ ಪ್ಯಾರಿಸ್‌ನಲ್ಲೂ ಗೆದ್ದಿದ್ದವನೇ. ಆದರೂ ತಂಡದ ಚಿನ್ನ ಇಥಿಯೋಪಿಯಾಕ್ಕೇ. ಲೆಕ್ಕ ತಪ್ಪಿ ದಣಿದ ಮೇಲೂ ಅವರು ಒಬ್ಬೊಬ್ಬರಾಗಿ ಇನ್ನೊಂದು ಸುತ್ತು ಎಳೆದರು.

ಹುಲ್ಲುಹಾದಿ:
ಎರಡು ವರ್ಷಕ್ಕೊಮ್ಮೆ ಆದದ್ದಕ್ಕೆ ನನಗೂ ಬೇಜಾರಿದೆ. ಆದರೆ ಪ್ರತಿ ವರ್ಷ ಇದ್ದ ಕೊನೆಯ ದಿನಗಳಲ್ಲಿ ಯುರೋಪಿನ ಎಷ್ಟೋ ದೇಶಗಳು ಪೂರ್ತಿ ತಂಡ ಕಳಿಸುವುದನ್ನೇ ಬಿಟ್ಟಿದ್ದವು, ಅದನ್ನೂ ಹೇಳಬೇಕು. 1903ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್ ನಾಲ್ಕೇ ಸೇರಿ ಶುರು ಮಾಡಿದ ಓಟ ಇದರ ಬೇರು. ಈಗ ಅದೇ ಯುರೋಪಿನ ಎಷ್ಟೋ ದೇಶಗಳು ಆರು ಜನರನ್ನು ಹೊರಡಿಸಲು ಹಿಂದೆ ಮುಂದೆ ನೋಡುತ್ತವೆ. ಆರನೆಯವನಿಗೆ ಪದಕ ಬರಲಿಕ್ಕಿಲ್ಲ, ಆದರೆ ಅವನು ಅಲ್ಲಿ ಓಡಿ ಸೋತು ಬಂದರೆ ಐದು ವರ್ಷದ ಮೇಲೆ ಬೇರೆಯೇ ಓಟಗಾರ ಆಗಿರುತ್ತಾನೆ. ಕಳಿಸದಿದ್ದರೆ ಅದು ಆಗುವುದು ಹೇಗೆ?

ರಸ್ತೆಓಟ:
ವಾಪಸ್ ಬಂದೆ. ಈ ನಾಲ್ಕು ದಿನದಲ್ಲಿ ನೀವು ಹೇಳಿದ್ದೆಲ್ಲ ನೋಡಿದೆ. ಆರ್ಹುಸ್‌ನಲ್ಲಿ ಚೆಪ್ಟೆಗೈ ಗೆರೆ ದಾಟಿದಾಗ ಜೋರಾಗಿ ಚಪ್ಪಾಳೆ ಹೊಡೆದೆ, ಮನೆಯವರೆಲ್ಲ ಎದ್ದುಬಿಟ್ಟರು. ಆಮೇಲೆ ಇಲ್ಲಿ ಯಾರೂ ಹೇಳದ ಒಂದು ಓಟ ಸಿಕ್ಕಿತು, 2008ರ ಎಡಿನ್‌ಬರೋ. ಮೊಂಬಾಸಾದಲ್ಲಿ ಸೋತ ಬೆಕೆಲೆ ಮರುವರ್ಷ ಬಂದಿದ್ದಾನೆ. ಓಟ ಶುರುವಾಗಿ ಸ್ವಲ್ಪ ಹೊತ್ತಿಗೇ ಅವನ ಶೂ ಕಳಚಿತು. ನಿಂತ. ಎಲ್ಲರೂ ದಾಟಿ ಹೋಗುತ್ತಿದ್ದಾರೆ, ಅವನು ಬಗ್ಗಿ ಶೂ ಸರಿ ಮಾಡಿಕೊಳ್ಳುತ್ತಿದ್ದಾನೆ. ಆಮೇಲೆ ಎದ್ದವನು ಗಾಬರಿಯಿಂದ ಓಡಲಿಲ್ಲ, ಒಬ್ಬೊಬ್ಬರನ್ನೇ ಹಿಡಿಯುತ್ತಾ ಬಂದು ಗೆದ್ದ. ನಾನು ಆ ಭಾಗವನ್ನು ಮೂರು ಸಲ ಹಿಂದಕ್ಕೆ ಹಾಕಿ ನೋಡಿದೆ.

ಇನ್ನೊಂದು ಸುದ್ದಿ. ನಮ್ಮ ಓಟದ ಗುಂಪಿನವರು ಮುಂದಿನ ತಿಂಗಳು ಒಂದು ಚಿಕ್ಕ ಕ್ರಾಸ್ ಕಂಟ್ರಿ ಓಟಕ್ಕೆ ಆರು ಜನರ ತಂಡ ಹಾಕುತ್ತಿದ್ದಾರೆ. ನಾನೂ ಹೆಸರು ಕೊಟ್ಟೆ. ವೇಗ ನೋಡಿದರೆ ನಾನು ಐದನೆಯವನು. ನಾಲ್ವರ ಸ್ಥಾನ ಮಾತ್ರ ಲೆಕ್ಕ ಅಂದ ಮೇಲೆ ಐದನೆಯವನ ಕೆಲಸ ಏನು?

ಕೆಸರುಮೊಳೆ:
ಐದನೆಯವನಿಗೆ ಕೆಲಸ ಇದೆ, ದೊಡ್ಡ ಕೆಲಸ. ನಿಮ್ಮ ಸ್ಥಾನ ನಿಮ್ಮ ಮೊತ್ತಕ್ಕೆ ಸೇರುವುದಿಲ್ಲ, ಆದರೆ ನೀವು ಎದುರಾಳಿಯ ನಾಲ್ಕನೆಯವನಿಗಿಂತ ಮುಂದೆ ಬಂದರೆ ಅವನು ಒಂದು ಸ್ಥಾನ ಕೆಳಗೆ ಹೋಗುತ್ತಾನೆ, ಅವರ ಮೊತ್ತ ಒಂದು ಏರುತ್ತದೆ. ನಾನು ಪದಕ ಕಳೆದದ್ದು ಒಂದು ಅಂಕದಿಂದ ಅಂತ ಬರೆದೆನಲ್ಲ. ಜೊತೆಗೆ ನಿಮ್ಮ ನಾಲ್ವರಲ್ಲಿ ಒಬ್ಬ ಬಿದ್ದರೆ, ಕಾಲು ಉಳುಕಿಸಿಕೊಂಡರೆ, ನೀವೇ ನಾಲ್ಕನೆಯವರು. ಅದು ನಿಮಗೆ ಓಟದ ಮಧ್ಯೆ ಗೊತ್ತೂ ಆಗುವುದಿಲ್ಲ.

ಹಿಂದಿನ ದಿನ ಹೋಗಿ ಜಾಗ ನಡೆದು ನೋಡಿ, ದಾರಿ ಎಲ್ಲಿ ಕಿರಿದಾಗುತ್ತದೆ ಅಂತ ಹೆಜ್ಜೆ ಎಣಿಸಿಕೊಳ್ಳಿ. ವಾಚ್ ಮನೆಯಲ್ಲೇ ಬಿಡಿ. ಎದುರಾಳಿ ತಂಡದ ಬನಿಯನ್ ಬಣ್ಣ ಮೊದಲೇ ನೋಡಿಟ್ಟುಕೊಳ್ಳಿ, ಏರಿನ ತುದಿ ಮುಟ್ಟಿದ ಕೂಡಲೇ ಉಸಿರು ತಗೊಳ್ಳಲು ನಿಧಾನಿಸಬೇಡಿ, ಅಲ್ಲೇ ಎಲ್ಲರೂ ನಿಧಾನಿಸುತ್ತಾರೆ, ಅಲ್ಲೇ ಇಬ್ಬರನ್ನು ದಾಟಬಹುದು. ಶೂ ಲೇಸ್‌ಗೆ ಎರಡು ಗಂಟು ಹಾಕಿ, ಉಳಿದ ತುದಿಯನ್ನು ಲೇಸಿನ ಕೆಳಗೇ ಸಿಕ್ಕಿಸಿ, ಅದರ ಮೇಲೆ ಒಂದು ಸುತ್ತು ಟೇಪ್ ಸುತ್ತಿ. ಓಟ ಮುಗಿದ ಮೇಲೆ ಇಲ್ಲಿಗೆ ಬಂದು ನಿಮ್ಮ ಸ್ಥಾನ ಬರೆಯಿರಿ, ಎದುರಾಳಿಯ ನಾಲ್ಕನೆಯವನದ್ದೂ ಬರೆಯಿರಿ.